ಸಲಹೆ ಕೊಡಲು ನಮ್ಮ ಮಕ್ಕಳಿಗೆ ಬರುತ್ತದೆ

ದ್ವಿತೀಯ ಪಿಯುಸಿ ಇಂಗ್ಲಿಷ್ ಪತ್ರಿಕೆಯಲ್ಲಿ ಇಬ್ಬರ ಮಾತುಕತೆ ಕೊಟ್ಟು, ಅದನ್ನು ಮೂರನೆಯವರು ಹೇಳಿದಂತೆ ತಿರುಗಿಸಿ ಬರೆಯಿರಿ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಮಕ್ಕಳ ನೋಟ್ಸ್‌ನಲ್ಲಿ ಒಂದು ಪಟ್ಟಿ ಸಿದ್ಧವಾಗಿರುತ್ತದೆ. ‘ಲೆಟ್ ಅಸ್’ ಕಂಡರೆ ‘ಸಜೆಸ್ಟೆಡ್’ ಹಾಕು, ‘ಶುಡ್’ ಕಂಡರೆ ‘ಅಡ್ವೈಸ್ಡ್’ ಹಾಕು, ‘ಪ್ಲೀಸ್’ ಕಂಡರೆ ‘ರಿಕ್ವೆಸ್ಟೆಡ್’ ಹಾಕು. ಪಟ್ಟಿ ಬಾಯಿಪಾಠವಾದರೆ ಅಂಕ ಖಾತ್ರಿ. ಎಸ್ಸೆಸ್ಸೆಲ್ಸಿಯಲ್ಲೂ ಇಂಥದೇ ಇನ್ನೊಂದು ಪ್ರಶ್ನೆಯಿದೆ. ಅಡಿಗೆರೆ ಎಳೆದ ವಾಕ್ಯದಲ್ಲಿ ಮಾತನಾಡುವವರು ಸಲಹೆ ಕೊಡುತ್ತಿದ್ದಾರೋ, ಅನುಮತಿ ಕೇಳುತ್ತಿದ್ದಾರೋ, ಕೃತಜ್ಞತೆ ಹೇಳುತ್ತಿದ್ದಾರೋ ಎಂದು ಗುರುತಿಸಬೇಕು. ನಾಲ್ಕು ಆಯ್ಕೆ, ಒಂದು ಟಿಕ್ಕು.

ಹತ್ತನೇ ತರಗತಿಯಲ್ಲಿ ಸಲಹೆಯನ್ನು ಗುರುತಿಸಿ, ಹನ್ನೆರಡರಲ್ಲಿ ಅದನ್ನು ತಿರುಗಿಸಿ ಬರೆದು ಪಾಸಾಗುವ ನಮ್ಮ ಹುಡುಗ ಹುಡುಗಿಯರು ಈ ಎಲ್ಲ ವರ್ಷಗಳಲ್ಲಿ ಒಬ್ಬರಿಗೂ ಇಂಗ್ಲಿಷಿನಲ್ಲಿ ಒಂದು ಸಲಹೆಯನ್ನು ಕೊಟ್ಟಿರುವುದಿಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ‘ಮೇಡಂ, ಪ್ಲೀಸ್ ಸಜೆಸ್ಟ್ ಮಿ ಒನ್ ಗುಡ್ ಬುಕ್’ ಅನ್ನುವವರು ಆ ಪ್ರಶ್ನೆಗೆ ಪೂರ್ತಿ ಅಂಕ ತೆಗೆದವರೇ. ಕಾಲೇಜು ಬಿಟ್ಟ ಮೇಲೆ ‘ಐ ಸಜೆಸ್ಟ್ ಯು ಟು ಕಮ್ ಟುಮಾರೋ’ ಎಂದು ಮೇಲಧಿಕಾರಿಗೆ ಮೇಲ್ ಕಳಿಸುವವರೂ ಅವರೇ.

ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಉಪನ್ಯಾಸಕಿ. ನನ್ನ ಮಕ್ಕಳಲ್ಲಿ ಹೆಚ್ಚಿನವರು ಏಳನೆಯದೋ ಹತ್ತನೆಯದೋ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಅವರಿಗೆ ಸಲಹೆ ಕೊಡಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಯಾರಿಗೆ, ಯಾವಾಗ, ಎಷ್ಟು ಬಿಗಿಯಾಗಿ, ಎಷ್ಟು ಮೆತ್ತಗೆ ಹೇಳಬೇಕು ಅನ್ನುವುದು ಅವರಿಗೆ ಮನೆಯಲ್ಲೇ ಬಂದಿರುತ್ತದೆ. ಆ ತಿಳಿವಳಿಕೆಯನ್ನು ಇಂಗ್ಲಿಷ್ ತರಗತಿಯ ಹೊರಗೆ ಬಿಟ್ಟು ಒಳಗೆ ಬನ್ನಿ ಎಂದು ನಾವು ಹೇಳುತ್ತಿದ್ದೇವೆ. ನನ್ನ ತಕರಾರು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಮೊದಲು ‘ಸಜೆಸ್ಟ್ ಮಿ’ ವಿಚಾರ. ಇದು ಹುಡುಗರ ಅಲಕ್ಷ್ಯದಿಂದ ಬಂದದ್ದಲ್ಲ. ಕನ್ನಡದಲ್ಲಿ ಹೇಳು, ತೋರಿಸು, ಸೂಚಿಸು, ವಿವರಿಸು, ಸಲಹೆ ಕೊಡು, ಇವೆಲ್ಲಕ್ಕೂ ಎದುರಿಗಿರುವ ಮನುಷ್ಯ ‘ಗೆ’ ಹಚ್ಚಿಕೊಂಡೇ ಬರುತ್ತಾನೆ. ನನಗೆ ಹೇಳಿ, ನನಗೆ ತೋರಿಸಿ, ನನಗೆ ಸೂಚಿಸಿ. ಒಂದೇ ಚತುರ್ಥಿ ವಿಭಕ್ತಿ ಎಲ್ಲಕ್ಕೂ ಸಾಕು. ಇಂಗ್ಲಿಷಿನಲ್ಲಿ ‘ಟೆಲ್ ಮಿ’ ಸರಿ, ‘ಶೋ ಮಿ’ ಸರಿ, ‘ಅಡ್ವೈಸ್ ಮಿ’ ಸರಿ. ಇಷ್ಟು ಕಲಿತ ಮಗು ‘ಸಜೆಸ್ಟ್ ಮಿ’, ‘ಎಕ್ಸ್‌ಪ್ಲೇನ್ ಮಿ’ ಅಂದರೆ ಅದು ತರ್ಕವಾಗಿಯೇ ಯೋಚಿಸಿದೆ. ಭಾಷೆ ಆ ತರ್ಕಕ್ಕೆ ಬಗ್ಗಲಿಲ್ಲ, ಅಷ್ಟೇ.

ನಾನು ಮಕ್ಕಳಿಗೆ ಹೀಗೆ ಹೇಳಿಕೊಡುತ್ತೇನೆ. ‘ಅಡ್ವೈಸ್’ ಎಂಬ ಕ್ರಿಯಾಪದ ಮನುಷ್ಯನನ್ನು ಹಿಡಿಯುತ್ತದೆ. ‘ಸಜೆಸ್ಟ್’ ಮತ್ತು ‘ಪ್ರಪೋಸ್’ ವಿಷಯವನ್ನು ಹಿಡಿಯುತ್ತವೆ. ‘ಅಡ್ವೈಸ್’ ಆದಮೇಲೆ ಆ ಮನುಷ್ಯ ನೇರವಾಗಿ ಬಂದು ನಿಲ್ಲುತ್ತಾನೆ, ಆಮೇಲೆ ಅವನು ಮಾಡಬೇಕಾದ ಕೆಲಸ ಬರುತ್ತದೆ: ‘ಐ ಅಡ್ವೈಸ್ಡ್ ಹಿಮ್ ಟು ವೇಟ್.’ ‘ಸಜೆಸ್ಟ್’ ಆದಮೇಲೆ ಬರುವುದು ವಿಷಯ: ‘ಐ ಸಜೆಸ್ಟೆಡ್ ಎ ಬುಕ್’, ‘ಐ ಸಜೆಸ್ಟೆಡ್ ವೇಟಿಂಗ್’, ‘ಐ ಸಜೆಸ್ಟೆಡ್ ದಟ್ ಹೀ ವೇಟ್’. ಮನುಷ್ಯನನ್ನು ಹೆಸರಿಸಲೇಬೇಕಾದರೆ ಅವನು ‘ಟು’ ಹಿಡಿದು ಹಿಂದಿನಿಂದ ಬರಬೇಕು. ‘ರೆಕಮೆಂಡ್’ ಹೆಚ್ಚಾಗಿ ‘ಸಜೆಸ್ಟ್’ ಕಡೆಗಿದೆ. ಆದರೂ ‘ವಿ ರೆಕಮೆಂಡ್ ಯು ಟು ಬುಕ್ ಅರ್ಲಿ’ ಎಂಬ ಪ್ರಯೋಗವನ್ನು ಆಕ್ಸ್‌ಫರ್ಡ್ ನಿಘಂಟು ಒಪ್ಪುತ್ತದೆ. ಅದನ್ನು ತಪ್ಪೆಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕುವ ಮೌಲ್ಯಮಾಪಕರು ಇದನ್ನು ಗಮನಿಸಬೇಕು.

ಈ ತೊಡಕು ನಮ್ಮದು ಮಾತ್ರವಲ್ಲ ಎಂದು ತಿಳಿದರೆ ಮಕ್ಕಳಿಗೆ ಎಷ್ಟೋ ಸಮಾಧಾನವಾಗುತ್ತದೆ. ಎ.ಎಸ್. ಹಾರ್ನ್‌ಬಿ ಎಂಬ ಇಂಗ್ಲಿಷ್ ಮೇಷ್ಟ್ರು 1924ರಲ್ಲಿ ಜಪಾನಿಗೆ ಕಲಿಸಲು ಹೋದರು. ಜಪಾನಿ ವಿದ್ಯಾರ್ಥಿಗಳು ಎಡವುತ್ತಿದ್ದುದು ಪದದ ಅರ್ಥದಲ್ಲಿ ಅಲ್ಲ, ಕ್ರಿಯಾಪದದ ಮುಂದೆ ಏನು ಬರಬೇಕು ಎಂಬಲ್ಲಿ. ಅದಕ್ಕಾಗಿಯೇ ಅವರು ಗೇಟನ್‌ಬಿ ಮತ್ತು ವೇಕ್‌ಫೀಲ್ಡ್ ಜೊತೆ ಸೇರಿ ಒಂದು ನಿಘಂಟು ಮಾಡಿದರು. ಕ್ರಿಯಾಪದಗಳನ್ನು 25 ಮಾದರಿಗಳಾಗಿ ವಿಂಗಡಿಸಿ, ಪ್ರತಿ ಪದದ ಎದುರಿಗೆ ಅದು ಯಾವ ಮಾದರಿಯದು ಎಂದು ನಮೂದಿಸಿದರು. 1942ರಲ್ಲಿ, ಯುದ್ಧದ ನಡುವೆ, ಅದು ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮರುಮುದ್ರಿಸಿತು. ಇವತ್ತು ನಮ್ಮ ಕಾಲೇಜು ಗ್ರಂಥಾಲಯಗಳಲ್ಲಿರುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಅದೇ ಪುಸ್ತಕದ ಸಂತತಿ. ಹಾರ್ನ್‌ಬಿ 1954ರಲ್ಲಿ ಬರೆದ ವಾಕ್ಯಮಾದರಿಗಳ ಕೈಪಿಡಿಯಲ್ಲಿ, ಕಲಿಯುವವರು ‘ಸಜೆಸ್ಟ್ ಟು ಕಮ್’ ಎಂದು ಯಾಕೆ ಬರೆಯುತ್ತಾರೆ ಎಂಬ ಚರ್ಚೆ ಶುರುವಿನಲ್ಲೇ ಇದೆ. ಬ್ಯಾಡಗಿಯ ಹುಡುಗಿ ಎಡವುವಲ್ಲೇ ಟೋಕಿಯೋದ ಹುಡುಗನೂ ಎಡವುತ್ತಿದ್ದ. ಆ ನಿಘಂಟು ಕಪಾಟಿನಲ್ಲಿದೆ, ಆದರೆ ಅದರಲ್ಲಿ ‘ಸಜೆಸ್ಟ್’ ಪದದ ಕೆಳಗಿರುವ ಎಚ್ಚರಿಕೆಯ ಟಿಪ್ಪಣಿಯನ್ನು ಹೇಗೆ ಓದಬೇಕೆಂದು ನಾವು ತರಗತಿಯಲ್ಲಿ ತೋರಿಸುವುದಿಲ್ಲ. ಅರ್ಥ ನೋಡಿ ಮುಚ್ಚಿಡುವ ಅಭ್ಯಾಸ ಎಲ್ಲರಿಗೂ ಅಂಟಿದೆ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ‘ದ ಡಾಕ್ಟರ್ ಸಜೆಸ್ಟ್ಸ್ ದಟ್ ಹೀ ಟೇಕ್ ದಿ ಟ್ಯಾಬ್ಲೆಟ್ ಎವ್ರಿ ನೈಟ್’ ಎಂದು ಬೋರ್ಡಿನ ಮೇಲೆ ಬರೆದರೆ ಚುರುಕಾದ ಮಕ್ಕಳು ಕೂಡಲೇ ಕೈ ಎತ್ತುತ್ತಾರೆ. ‘ಹೀ’ ಇದ್ದಲ್ಲಿ ‘ಟೇಕ್ಸ್’ ಬರಬೇಕಲ್ಲ ಮೇಡಂ, ನೀವೇ ಕಲಿಸಿದ್ದು! ಕಲಿಸಿದ್ದು ಹೌದು. ಆದರೆ ಇಲ್ಲಿ ‘ಟೇಕ್’ ಎಂದಷ್ಟೇ ಇದ್ದರೆ ಅದು ಡಾಕ್ಟರ ಸಲಹೆ: ರೋಗಿ ರಾತ್ರಿ ರಾತ್ರಿ ಗುಳಿಗೆ ತೆಗೆದುಕೊಳ್ಳಲಿ. ‘ಟೇಕ್ಸ್’ ಎಂದು ಬರೆದರೆ, ರೋಗಿ ಈಗಾಗಲೇ ರಾತ್ರಿ ರಾತ್ರಿ ಗುಳಿಗೆ ನುಂಗುತ್ತಿದ್ದಾನೆ ಎಂದು ಡಾಕ್ಟರಿಗೆ ಅನ್ನಿಸಿದೆ, ಅದನ್ನು ಸೂಚ್ಯವಾಗಿ ಹೇಳುತ್ತಿದ್ದಾರೆ ಎಂದೂ ಓದಬಹುದು. ಎಕ್ಸ್-ರೇ ‘ಸಜೆಸ್ಟ್ಸ್ ಎ ಫ್ರ್ಯಾಕ್ಚರ್’ ಅನ್ನುವಾಗ ಎಕ್ಸ್-ರೇ ಯಾರಿಗೂ ಸಲಹೆ ಕೊಡುತ್ತಿಲ್ಲವಲ್ಲ, ಹಾಗೆ. ಬ್ರಿಟನ್ನಿನವರು ಈ ಗೊಂದಲ ಬೇಡವೆಂದು ನಡುವೆ ‘ಶುಡ್’ ಸೇರಿಸುವುದುಂಟು. ನಮ್ಮ ಮಕ್ಕಳಿಗೂ ನಾನು ಅದನ್ನೇ ಮೊದಲು ಹೇಳಿಕೊಡುತ್ತೇನೆ. ಒಂದು ‘ಎಸ್’ ಅಕ್ಷರದಿಂದ ಸಲಹೆ ಹೋಗಿ ಸುದ್ದಿಯಾಗಬಹುದು ಎಂದು ಗೊತ್ತಾದ ದಿನ ಮಕ್ಕಳ ಕಣ್ಣು ಅರಳುತ್ತದೆ. ವ್ಯಾಕರಣ ಅಂಕಕ್ಕಾಗಿ ಮಾತ್ರ ಇರುವುದಲ್ಲ ಎಂದು ಅವರು ನಂಬುವುದು ಇಂಥ ಕಡೆಯಲ್ಲೇ.

‘ಅಡ್ವೈಸ್’ ಪದದ ನಾಮಪದ ‘ಸಿ’ಯಿಂದ, ಕ್ರಿಯಾಪದ ‘ಎಸ್’ನಿಂದ ಬರೆಯಬೇಕು, ಸಲಹೆ ಎಂಬ ಅರ್ಥದಲ್ಲಿ ‘ಅಡ್ವೈಸಸ್’ ಎಂಬ ಬಹುವಚನ ಇಲ್ಲ. ಬ್ಯಾಂಕಿನವರು ಬಳಸುವ ‘ಪೇಮೆಂಟ್ ಅಡ್ವೈಸ್’ ಬೇರೆ, ಅಲ್ಲಿ ಅದರ ಅರ್ಥ ತಿಳಿವಳಿಕೆ ಪತ್ರ. ಇವನ್ನೆಲ್ಲ ಒಂದು ಪೀರಿಯಡ್ಡಿನಲ್ಲಿ ಹೇಳಿ ಮುಗಿಸಬಹುದು. ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಸಲಹೆಯ ತೂಕದ ಹತ್ತಿರ.

ಕನ್ನಡದಲ್ಲಿ ನಾವು ಈ ತೂಕವನ್ನು ಎಷ್ಟು ನಾಜೂಕಾಗಿ ಏರಿಸುತ್ತೇವೆ, ಇಳಿಸುತ್ತೇವೆ ನೋಡಿ. ನಮ್ಮ ಕಡೆ ಒಬ್ಬ ಹೆಣ್ಣುಮಗಳು ತಮ್ಮನಿಗೆ ‘ದವಾಖಾನಿಗೆ ಹೋಗಿ ಬಾ’ ಅನ್ನುತ್ತಾಳೆ. ಗಂಡನಿಗೆ ‘ಒಮ್ಮೆ ತೋರಿಸ್ಕೊಂಡು ಬರ್ರೆಲಾ’ ಅನ್ನುತ್ತಾಳೆ. ಮಾವನಿಗೆ ‘ಒಂದ್ಸಲ ತೋರಿಸಿದ್ರ ಚಲೋ ಆಗತಿತ್ತು’ ಅನ್ನುತ್ತಾಳೆ. ವಿಷಯ ಒಂದೇ, ಕಾಳಜಿ ಒಂದೇ. ಸಲುಗೆ ಬೇರೆ, ಗೌರವ ಬೇರೆ, ಅದಕ್ಕೆ ತಕ್ಕ ಹಾಗೆ ಕ್ರಿಯಾಪದದ ಬಾಲ ಬೇರೆ. ಯಾರೂ ಅವಳಿಗೆ ಪಟ್ಟಿ ಕೊಟ್ಟು ಕಲಿಸಲಿಲ್ಲ.

ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದ ಇಲ್ಲ, ಕೊನೆಗೆ ಹಚ್ಚಲು ‘ರಿ’ ಇಲ್ಲ. ಹಾಗಾದರೆ ಗೌರವ ಎಲ್ಲಿ ಹೋಯಿತು? ‘ಕುಡ್’, ‘ಮೈಟ್’, ‘ವುಡ್’ ಎಂಬ ಸಹಾಯಕ ಕ್ರಿಯಾಪದಗಳ ಒಳಗೆ ಹೋಗಿ ಕುಳಿತಿದೆ. ‘ಯು ಮಸ್ಟ್’, ‘ಯು ಶುಡ್’, ‘ಯು ಕುಡ್’, ‘ಯು ಮೈಟ್ ವಾಂಟ್ ಟು’ ಇವು ಒಂದೇ ಮಾತಿನ ನಾಲ್ಕು ಮೆಟ್ಟಿಲು. ನಮ್ಮ ಮಕ್ಕಳು ‘ಬೇಕು’ ಎಂಬ ಒಂದೇ ಪದದಿಂದ ಹೊರಟು ನೇರವಾಗಿ ‘ಮಸ್ಟ್’ಗೆ ಬಂದು ಇಳಿಯುತ್ತಾರೆ. ಕನ್ನಡದ ‘ಬೇಕು’ ದನಿಯಿಂದ, ನಗುವಿನಿಂದ, ‘ರಿ’ಯಿಂದ ಮೆತ್ತಗಾಗುತ್ತದೆ. ಕಾಗದದ ಮೇಲಿನ ‘ಮಸ್ಟ್’ಗೆ ಆ ಅನುಕೂಲ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ‘ಹ್ಯಾಡ್ ಬೆಟರ್’. ಅದರಲ್ಲಿ ‘ಬೆಟರ್’ ಇರುವುದರಿಂದ ಅದೊಂದು ಮೃದುವಾದ ಮಾತು, ‘ಮಾಡಿದರೆ ಒಳ್ಳೆಯದು’ ಅನ್ನುವುದಕ್ಕೆ ಸಮ ಎಂದು ಮಕ್ಕಳು ತಿಳಿಯುತ್ತಾರೆ. ನಿಜದಲ್ಲಿ ಅದರ ಹಿಂದೆ ‘ಇಲ್ಲದಿದ್ದರೆ ನೋಡು’ ಎಂಬ ಎಚ್ಚರಿಕೆ ಇದೆ. ತಾಯಿ ಮಗನಿಗೆ ಹೇಳಬಹುದು, ಗೆಳೆಯ ಗೆಳೆಯನಿಗೆ ಹೇಳಬಹುದು. ಕಚೇರಿಯ ಗುಮಾಸ್ತ ಸಾಹೇಬರಿಗೆ ‘ಯು ಹ್ಯಾಡ್ ಬೆಟರ್ ಸೈನ್ ಟುಡೇ’ ಎಂದು ಬರೆದರೆ ಅದು ಬೆದರಿಕೆಯ ಹಾಗೆ ಕೇಳುತ್ತದೆ. ಬರೆದವನಿಗೆ ಅಂಥ ಉದ್ದೇಶ ಎಳ್ಳಷ್ಟೂ ಇರುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನರ್ಸಿಂಗ್ ಓದಿ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಳೆ. ಬ್ರಿಟನ್ನಿಗೆ ಹೋಗುವ ಆಸೆ. ಅಲ್ಲಿ ನರ್ಸ್ ಆಗಿ ನೋಂದಣಿ ಮಾಡಿಸಲು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು; ಐಇಎಲ್‌ಟಿಎಸ್ ಒಂದು ದಾರಿ, ಒಇಟಿ ಇನ್ನೊಂದು. ಒಇಟಿ ವೈದ್ಯಕೀಯ ಕ್ಷೇತ್ರದವರಿಗಾಗಿಯೇ ಇರುವ ಪರೀಕ್ಷೆ. ಅದರ ಬರವಣಿಗೆ ಭಾಗದಲ್ಲಿ ರೋಗಿಯ ಟಿಪ್ಪಣಿಗಳನ್ನು ಕೊಡುತ್ತಾರೆ, ಅದನ್ನು ಓದಿ ಇನ್ನೊಬ್ಬ ಡಾಕ್ಟರಿಗೋ ನರ್ಸಿಗೋ ಪತ್ರ ಬರೆಯಬೇಕು. ಅವಳು ಅಭ್ಯಾಸಕ್ಕೆಂದು ಬರೆದ ಪತ್ರವನ್ನು ನನಗೆ ವಾಟ್ಸ್‌ಆ್ಯಪಿನಲ್ಲಿ ಕಳಿಸಿದಳು. ರೋಗಿಯ ಸ್ಥಿತಿಯನ್ನು ವಿವರಿಸಿದ ಭಾಗ ಚೊಕ್ಕವಾಗಿತ್ತು. ಕೊನೆಯ ಪ್ಯಾರಾದಲ್ಲಿ ಮಾತ್ರ ‘ಐ ಸಜೆಸ್ಟ್ ಯು ಟು ಚೇಂಜ್ ದಿ ಡ್ರೆಸ್ಸಿಂಗ್ ಡೈಲಿ’, ‘ಯು ಮಸ್ಟ್ ರಿವ್ಯೂ ಹಿಸ್ ಟ್ಯಾಬ್ಲೆಟ್ಸ್’ ಎಂದಿತ್ತು. ಎರಡನೆಯ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ನರ್ಸ್ ಒಬ್ಬಳು ತಾನು ಕಂಡಿರದ ಡಾಕ್ಟರಿಗೆ ‘ಮಸ್ಟ್’ ಅನ್ನುತ್ತಿದ್ದಾಳೆ.

ನಾನು ಫೋನ್ ಮಾಡಿ ಕೇಳಿದೆ: ‘ನಿಮ್ಮ ವಾರ್ಡಿನ ದೊಡ್ಡ ಡಾಕ್ಟರಿಗೆ ಇದನ್ನ ಕನ್ನಡದಾಗ ಹೆಂಗ ಹೇಳ್ತೀಯವ್ವ?’ ಅವಳು ಒಂದು ಗಳಿಗೆಯೂ ತಡೆಯದೆ ಹೇಳಿದಳು: ‘ಸರ್, ಗುಳಿಗಿ ಒಮ್ಮೆ ನೀವು ನೋಡಿದ್ರ ಚಲೋ ಆಗತಿತ್ತು ಅಂತೀನ್ರಿ ಮೇಡಂ.’

ಈ ವಾಕ್ಯವನ್ನು ಸ್ವಲ್ಪ ಬಿಡಿಸಿ ನೋಡೋಣ. ‘ನೋಡಿದ್ರ’ ಅಂದರೆ ‘ನೋಡಿದರೆ’. ಅದರೊಳಗೆ ‘ನೋಡಿದ’ ಎಂಬ ಭೂತಕಾಲವಿದೆ. ಡಾಕ್ಟರು ಇನ್ನೂ ನೋಡಿಲ್ಲ, ಆದರೂ ಭೂತಕಾಲ. ‘ಆಗತಿತ್ತು’ ಎಂಬುದರಲ್ಲೂ ‘ಇತ್ತು’ ಇದೆ. ಚಲೋ ಆಗುವುದು ಇನ್ನು ಮುಂದೆ, ಆದರೂ ‘ಇತ್ತು’. ಹಿರಿಯರೆದುರು ಮಾತನ್ನು ಹಿಂದಿನ ಕಾಲಕ್ಕೆ ಸರಿಸಿದರೆ ಅದು ತಾನಾಗಿ ಮೆತ್ತಗಾಗುತ್ತದೆ. ಇಂಗ್ಲಿಷೂ ಹಾಗೆಯೇ ಮಾಡುತ್ತದೆ: ‘ಇಟ್ ವುಡ್ ಬಿ ಬೆಟರ್ ಇಫ್ ಯು ಸಾ ಎ ಡಾಕ್ಟರ್.’ ಇನ್ನೂ ಹೋಗಿಲ್ಲದವರಿಗೆ ‘ಸಾ’ ಯಾಕೆ, ‘ಸೀ’ ಅಲ್ಲವೇ ಎಂದು ಮಕ್ಕಳು ಪ್ರತಿವರ್ಷ ಕೇಳುತ್ತಾರೆ. ವ್ಯಾಕರಣ ಪುಸ್ತಕ ಇದಕ್ಕೆ ಷರತ್ತಿನ ವಾಕ್ಯದ ಎರಡನೆಯ ಬಗೆ ಎಂದು ಹೆಸರಿಟ್ಟು ಸುಮ್ಮನಾಗುತ್ತದೆ. ‘ತೋರಿಸಿದರೆ’ ಎಂಬ ನಿನ್ನದೇ ಮಾತಿನಲ್ಲಿ ಇದೇ ಇದೆ ನೋಡು ಎಂದು ಯಾರಾದರೂ ತೋರಿಸಿದರೆ ಸಾಕು. ನನ್ನ ವಿದ್ಯಾರ್ಥಿನಿಗೆ ಅದು ಹೊಳೆದ ಮೇಲೆ ಅವಳೇ ತಿದ್ದಿದಳು: ‘ಇಟ್ ವುಡ್ ಬಿ ಅಪ್ರಿಷಿಯೇಟೆಡ್ ಇಫ್ ಯು ಕುಡ್ ರಿವ್ಯೂ ಹಿಸ್ ಟ್ಯಾಬ್ಲೆಟ್ಸ್.’ ಡ್ರೆಸ್ಸಿಂಗ್ ವಿಚಾರ ಡಾಕ್ಟರಿಗೆ ಅಲ್ಲ, ಮನೆಗೆ ಬರುವ ನರ್ಸಿಗೆ ಹೇಳುವಂಥದ್ದು. ಅದಕ್ಕೆ ‘ಐ ರೆಕಮೆಂಡ್ ದಟ್ ದಿ ಡ್ರೆಸ್ಸಿಂಗ್ ಬಿ ಚೇಂಜ್ಡ್ ಡೈಲಿ’ ಎಂದು ಬರೆದಳು. ಅವಳ ಕನ್ನಡವೇ ಅವಳಿಗೆ ಇಂಗ್ಲಿಷ್ ಕಲಿಸಿತು. ಕಾಲೇಜಿನ ಎರಡು ವರ್ಷದಲ್ಲಿ ಪಟ್ಟಿ ಉರು ಹೊಡೆಯುವುದರ ಬದಲು ಇದನ್ನೇ ಮಾಡಿಸಿದ್ದರೆ ಅವಳು ಇಷ್ಟು ಕಾಯಬೇಕಿರಲಿಲ್ಲ.

ಸಲಹೆಯ ಕ್ರಿಯಾಪದ ವಿದೇಶಕ್ಕೆ ಹೋಗುವವರಿಗೆ ಮಾತ್ರ ಬೇಕಾದದ್ದಲ್ಲ. ನಮ್ಮೂರ ದವಾಖಾನೆಯ ಚೀಟಿಯಲ್ಲಿ ಡಾಕ್ಟರು ‘ಎಡಿವಿ’ ಎಂದು ಬರೆದು ಎರಡು ಚುಕ್ಕಿ ಇಟ್ಟು ಕೆಳಗೆ ರಕ್ತ ಪರೀಕ್ಷೆ ಬರೆಯುತ್ತಾರೆ. ಅದು ‘ಅಡ್ವೈಸ್’ ಪದದ ಮೊದಲ ಮೂರು ಅಕ್ಷರ. ಡಿಸ್ಚಾರ್ಜ್ ಕಾಗದದಲ್ಲಿ ‘ಅಡ್ವೈಸ್ಡ್ ರೆಸ್ಟ್’ ಎಂದಿರುತ್ತದೆ. ಮನೆಯವರು ಕಾಲೇಜಿಗೆ ಹೋಗುವ ಮಗಳ ಕೈಗೆ ಕಾಗದ ಕೊಟ್ಟು ಓದು ಅನ್ನುತ್ತಾರೆ. ಮಗಳು ‘ರೆಸ್ಟ್ ತಗೋಬಹುದು ಅಂತ ಸಲಹಾ ಕೊಟ್ಟಾರ’ ಎಂದು ಓದಿದರೆ ಅಪ್ಪ ಮರುದಿನವೇ ಹೊಲಕ್ಕೆ ಹೋಗುತ್ತಾನೆ. ಆಸ್ಪತ್ರೆಯ ಕಾಗದದಲ್ಲಿ ಈ ಪದ ಬೇಕಾದರೆ ಮಾಡಿ, ಬೇಡವಾದರೆ ಬಿಡಿ ಅನ್ನುವುದಲ್ಲ. ಮಾಡಲೇಬೇಕು ಅನ್ನುವ ತೂಕದ್ದು. ಡಾಕ್ಟರು ಬೇಡವೆಂದರೂ ರೋಗಿಯನ್ನು ಮನೆಗೆ ಕರೆದೊಯ್ಯುವವರಿಂದ ಆಸ್ಪತ್ರೆಯವರು ಸಹಿ ಹಾಕಿಸಿಕೊಳ್ಳುತ್ತಾರಲ್ಲ, ‘ಲಾಮಾ’ ಅನ್ನುತ್ತಾರೆ, ಅದು ವೈದ್ಯರ ಸಲಹೆಗೆ ವಿರುದ್ಧವಾಗಿ ಹೊರಟಿದ್ದೇವೆ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳು. ಮುಂದೆ ಏನಾದರೂ ಆದರೆ ಹೊಣೆ ಯಾರದು ಎಂಬ ಪ್ರಶ್ನೆ ಆ ಸಹಿಯ ಸುತ್ತ ಬಂದು ನಿಲ್ಲುತ್ತದೆ.

ಇದೇ ಪದ ಸಂವಿಧಾನದಲ್ಲಿ ಇನ್ನೂ ದೊಡ್ಡ ಭಾರ ಹೊತ್ತಿದೆ. 74ನೇ ವಿಧಿಯ ಪ್ರಕಾರ ಮಂತ್ರಿಮಂಡಲ ರಾಷ್ಟ್ರಪತಿಗೆ ನೆರವು ಮತ್ತು ಸಲಹೆ ಕೊಡುತ್ತದೆ. ಆ ಸಲಹೆಯಂತೆಯೇ ರಾಷ್ಟ್ರಪತಿ ನಡೆಯತಕ್ಕದ್ದು ಎಂದು 1976ರ 42ನೇ ತಿದ್ದುಪಡಿ ಬಿಡಿಸಿ ಹೇಳಿತು. ಒಮ್ಮೆ ಮರುಪರಿಶೀಲಿಸಿ ಎಂದು ಕೇಳುವ ಅವಕಾಶವನ್ನು 1978ರ 44ನೇ ತಿದ್ದುಪಡಿ ಕೊಟ್ಟಿತು. ಹೆಸರು ಸಲಹೆ, ಆದರೆ ಮೀರುವಂತಿಲ್ಲ. ಷೇರು ಪೇಟೆಗೆ ಬಂದರೆ, ದುಡ್ಡು ತೆಗೆದುಕೊಂಡು ಹೂಡಿಕೆಯ ‘ಅಡ್ವೈಸ್’ ಕೊಡುವವರಿಗೆ ಸೆಬಿಯ 2013ರ ನಿಯಮಗಳಿವೆ. ಈ ಷೇರು ಕೊಳ್ಳಿ, ಇದು ಮಾರಿ ಎಂದು ‘ರೆಕಮೆಂಡ್’ ಮಾಡುವ ವಿಶ್ಲೇಷಕರಿಗೆ 2014ರ ಬೇರೆ ನಿಯಮಗಳಿವೆ. ಕಾನೂನೇ ಇವೆರಡನ್ನು ಬೇರೆ ಬೇರೆಯಾಗಿ ನೋಡುತ್ತಿರುವಾಗ, ‘ಎರಡಕ್ಕೂ ಸಲಹೆ ಅಂತ ಬರಕೊಳ್ರಿ’ ಎಂದು ಹೇಳಿ ನಾವು ಮುಂದಿನ ಪಾಠಕ್ಕೆ ಹೋಗುವುದು ಸರಿಯಲ್ಲ.

ನಮ್ಮ ಮಕ್ಕಳ ಮನೆಗೆ ಇನ್ನೂ ಹತ್ತಿರದ್ದು ಹವಾಮಾನ. ಭಾರತೀಯ ಹವಾಮಾನ ಇಲಾಖೆಯ ಬಣ್ಣದ ಸೂಚನೆಗಳಲ್ಲಿ ಹಳದಿ ಎಂದರೆ ಗಮನವಿಟ್ಟಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. ಸಲಹೆಯ ತೂಕ ಏರುವುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ವ್ಯಾಕರಣ ಪುಸ್ತಕ ತೋರಿಸೀತು? ಮಂಗಳವಾರ ಮತ್ತು ಶುಕ್ರವಾರ ಹೊರಡುವ ಕೃಷಿ ಹವಾಮಾನ ಸಲಹಾ ಪ್ರಕಟಣೆಗಳು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಸಿಗುತ್ತವೆ. ‘ಫಾರ್ಮರ್ಸ್ ಆರ್ ಅಡ್ವೈಸ್ಡ್ ಟು ಪೋಸ್ಟ್‌ಪೋನ್ ಸ್ಪ್ರೇಯಿಂಗ್’ ಎಂಬಂಥ ವಾಕ್ಯಗಳು ಅವುಗಳಲ್ಲಿ ಮಾಮೂಲು. ಇದೇ ಜಾಗದಲ್ಲಿ ‘ಫಾರ್ಮರ್ಸ್ ಆರ್ ಸಜೆಸ್ಟೆಡ್ ಟು’ ಎಂದು ಬರೆಯುವವರು ಸರ್ಕಾರಿ ಕಾಗದಗಳಲ್ಲೂ ಇದ್ದಾರೆ, ಖಾಸಗಿ ಕರಪತ್ರಗಳಲ್ಲೂ ಇದ್ದಾರೆ. ‘ಅಡ್ವೈಸ್’ ಮನುಷ್ಯನನ್ನು ಹಿಡಿಯುವ ಪದವಾದ್ದರಿಂದ ರೈತ ಆ ವಾಕ್ಯದ ಮುಂದೆ ಬಂದು ನಿಲ್ಲಬಹುದು. ‘ಸಜೆಸ್ಟ್’ ಅವನನ್ನು ಹಿಡಿದೇ ಇಲ್ಲ, ಅವನು ಹಾಗೆ ಬಂದು ನಿಲ್ಲುವಂತಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದನ್ನು ನಾನು ಗೌರವದಿಂದಲೇ ಕೇಳಿಸಿಕೊಳ್ಳುತ್ತೇನೆ. ಇಂಗ್ಲಿಷ್ ಈಗ ಬ್ರಿಟನ್ನಿನ ಆಸ್ತಿಯಲ್ಲ, ಭಾರತದ್ದೂ ಒಂದು ಇಂಗ್ಲಿಷ್ ಇದೆ, ‘ಸಜೆಸ್ಟ್ ಮಿ’ ದೇಶವಿಡೀ ಅರ್ಥವಾಗುತ್ತದೆ, ಬಡಮಕ್ಕಳ ಬಾಯಿಗೆ ಯಾಕೆ ಬೀಗ ಹಾಕುತ್ತೀರಿ ಎನ್ನುವವರಿದ್ದಾರೆ. ಬಾಯಿಗೆ ಬೀಗ ಹಾಕುವುದನ್ನು ನಾನೂ ಒಪ್ಪುವುದಿಲ್ಲ. ಮಾತಿನಲ್ಲಿ ‘ಸಜೆಸ್ಟ್ ಮಿ’ ಅಂದವರನ್ನು ನೋಡಿ ನಗುವುದು ಕ್ರೌರ್ಯ. ಒಮ್ಮೆ ನಕ್ಕರೆ ಆ ಮಗು ವರ್ಷವಿಡೀ ಇಂಗ್ಲಿಷಿನಲ್ಲಿ ಬಾಯಿ ಬಿಡುವುದಿಲ್ಲ. ನನ್ನ ತರಗತಿಯಲ್ಲಿ ಯಾರೂ ಯಾರ ಇಂಗ್ಲಿಷಿಗೂ ನಗುವಂತಿಲ್ಲ, ಆ ವಿಷಯದಲ್ಲಿ ನಾನು ಕಟ್ಟುನಿಟ್ಟು. ಆದರೆ ಪರೀಕ್ಷಕರು, ಸಂದರ್ಶನ ಮಾಡುವವರು, ವೀಸಾ ಅರ್ಜಿ ನೋಡುವವರು ಅಂಥ ಔದಾರ್ಯ ತೋರಿಸುವುದಿಲ್ಲ. ನಗರದ ದುಬಾರಿ ಶಾಲೆಯ ಮಗುವಿಗೆ ಎರಡೂ ಗೊತ್ತಿರುತ್ತದೆ. ಗೆಳೆಯರ ಜೊತೆ ಒಂದು, ಅರ್ಜಿಯಲ್ಲಿ ಇನ್ನೊಂದು. ನನ್ನ ಮಕ್ಕಳಿಗೆ ಒಂದೇ ಗೊತ್ತಿದ್ದರೆ ಅದನ್ನು ಸ್ವಾತಂತ್ರ್ಯ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಶುರುಮಾಡಿದ್ದು 2007ರಲ್ಲಿ. ಅಷ್ಟು ವರ್ಷ ಕಲಿತ ಮಗು ಸರಿಯಾದ ಒಂದು ಸಲಹೆಯ ವಾಕ್ಯ ಬರೆಯಲಿ ಎಂದು ಬಯಸುವುದು ಅತಿಯಾಸೆಯಲ್ಲ.

ಹೇಗೆ ಕಲಿಸಬೇಕು ಎಂಬುದಕ್ಕೆ ನಾವು ದೂರ ಹೋಗಬೇಕಾಗಿಯೂ ಇಲ್ಲ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಜಗತ್ತಿನ ಭಾಷಾಶಿಕ್ಷಕರು ಅದನ್ನು ಇವತ್ತಿಗೂ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ವ್ಯಾಕರಣದ ನಿಯಮ ಹೇಳಿ ಅಭ್ಯಾಸ ಮಾಡಿಸುವುದನ್ನು ಬದಿಗಿಟ್ಟು, ಮಕ್ಕಳಿಗೆ ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು ಸಮಸ್ಯೆ ಬಿಡಿಸಲು ಹೇಳಿದರು. ಮನಸ್ಸು ಅರ್ಥದ ಮೇಲೆ ನೆಟ್ಟಿದ್ದಾಗ ಭಾಷೆಯ ರಚನೆ ತಾನಾಗಿ ಕೂಡಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಅವರು ಬರೆದ ಪುಸ್ತಕ ಹಲವು ದೇಶಗಳ ಶಿಕ್ಷಕರ ತರಬೇತಿಯಲ್ಲಿ ಓದಿನ ಭಾಗವಾಯಿತು. ಬೆಂಗಳೂರಿನ ಹೆಸರು ಹೊತ್ತ ಆ ಆಲೋಚನೆ ಬೆಂಗಳೂರಿನಲ್ಲೇ ಸಿದ್ಧವಾಗುವ ನಮ್ಮ ಪ್ರಶ್ನೆಪತ್ರಿಕೆಗೆ ಇನ್ನೂ ತಲುಪಿಲ್ಲ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ. ನಿಯಮವೇ ಬೇಡ ಎಂಬಷ್ಟು ದೂರ ನಾನು ಹೋಗುವುದಿಲ್ಲ. ‘ಸಜೆಸ್ಟ್’ ತರಹದ ಹಟಮಾರಿ ಪದಗಳಿಗೆ ನೇರವಾಗಿ ಹೇಳಿಕೊಡುವುದೂ ಬೇಕು. ಆದರೆ ಮೊದಲು ಸನ್ನಿವೇಶ, ಆಮೇಲೆ ನಿಯಮ.

ನಮ್ಮಲ್ಲಿ ಸನ್ನಿವೇಶಕ್ಕೇನು ಬರ. ಮೆಣಸಿನಕಾಯಿ ಸುಗ್ಗಿಯಲ್ಲಿ ನನ್ನ ತರಗತಿಯ ಎಷ್ಟೋ ಮಕ್ಕಳ ಮನೆಯಲ್ಲಿ ಒಂದೇ ಚರ್ಚೆ: ಬ್ಯಾಡಗಿ ಮಾರುಕಟ್ಟೆಗೆ ಈಗಲೇ ಒಯ್ಯುವುದೋ, ಕೋಲ್ಡ್ ಸ್ಟೋರೇಜಿನಲ್ಲಿಟ್ಟು ದರ ಏರುವ ತನಕ ಕಾಯುವುದೋ. ಒಬ್ಬ ಹುಡುಗ ಈ ತಾಪತ್ರಯವನ್ನು ತರಗತಿಯ ಮುಂದಿಟ್ಟ. ಎಲ್ಲರೂ ಅವನಪ್ಪನಿಗೆ ಒಂದೊಂದು ವಾಕ್ಯದ ಸಲಹೆ ಬರೆಯಬೇಕು, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಎಂದೆ. ಕನ್ನಡದಲ್ಲಿ ಒಬ್ಬರೂ ‘ಮಾರು’ ಎಂದು ಬರೆಯಲಿಲ್ಲ. ಗೆಳೆಯನ ಅಪ್ಪನಲ್ಲವೇ! ‘ಸ್ವಲ್ಪ ಮಾರಿ ಸ್ವಲ್ಪ ಇಟ್ಟುಕೊಂಡ್ರ ಹೆಂಗ್ರೀ ಕಾಕಾ’ ಎಂದು ಹಿಂದಿನ ಬೆಂಚಿನ ಹುಡುಗಿ ಬರೆದಿದ್ದಳು. ಇಂಗ್ಲಿಷಿಗೆ ಬಂದಾಗ ಅರ್ಧಕ್ಕರ್ಧ ಹಾಳೆಗಳಲ್ಲಿ ‘ಯು ಮಸ್ಟ್ ಸೆಲ್’ ಇತ್ತು. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಕನ್ನಡದಲ್ಲಿ ತೋರಿಸಿದ ಮರ್ಯಾದೆ ಇಂಗ್ಲಿಷಿನಲ್ಲಿ ಎಲ್ಲಿ ಹೋಯಿತು ಹುಡುಕಿ ಎಂದೆ. ಆ ಪೀರಿಯಡ್ ಮುಗಿದ ಬೆಲ್ ಯಾರ ಕಿವಿಗೂ ಬೀಳಲಿಲ್ಲ. ಕೊನೆಗೆ ಆ ಹುಡುಗಿ ಬೋರ್ಡಿಗೆ ಬಂದು ‘ಯು ಕುಡ್ ಸೆಲ್ ಹಾಫ್ ನೌ ಆ್ಯಂಡ್ ಸ್ಟೋರ್ ದಿ ರೆಸ್ಟ್, ಅಂಕಲ್’ ಎಂದು ಬರೆದಳು. ‘ಕಾಕಾ’ ಅಂತಲೇ ಬರೆದರೂ ನಾನು ಅಂಕ ಕೊಡುತ್ತಿದ್ದೆ.

ಪದವಿಪೂರ್ವ ಶಿಕ್ಷಣದ ಹೊಣೆ ಹೊತ್ತವರಲ್ಲಿ, ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ನನ್ನ ಕೋರಿಕೆ ಸಣ್ಣದು, ದುಡ್ಡಿನ ಖರ್ಚಿಲ್ಲದ್ದು. ಮಾತುಕತೆಯನ್ನು ತಿರುಗಿಸಿ ಬರೆಯುವ ಪ್ರಶ್ನೆ ಇರಲಿ. ಅದರ ಪಕ್ಕದಲ್ಲಿ, ಅಷ್ಟೇ ಅಂಕಕ್ಕೆ, ಇನ್ನೊಂದು ಪ್ರಶ್ನೆ ಕೊಡಿ: ಒಬ್ಬರ ತೊಂದರೆಯನ್ನು ನಾಲ್ಕು ಸಾಲಿನಲ್ಲಿ ವಿವರಿಸಿ, ಅವರಿಗೆ ತಮ್ಮನಾಗಿ ಒಮ್ಮೆ, ಕಚೇರಿಯ ಕೆಳಗಿನ ನೌಕರನಾಗಿ ಇನ್ನೊಮ್ಮೆ ಸಲಹೆ ಬರೆಯಲು ಹೇಳಿ. ಮೌಲ್ಯಮಾಪನದಲ್ಲಿ ಅರ್ಧ ಅಂಕ ವಾಕ್ಯದ ರಚನೆಗೆ, ಅರ್ಧ ಅಂಕ ಸಲಹೆಯ ತೂಕಕ್ಕೆ ಸಿಗಲಿ. ಉಪನ್ಯಾಸಕರ ತರಬೇತಿಯಲ್ಲಿ ಒಂದು ಮಧ್ಯಾಹ್ನ ಇದಕ್ಕೆ ಮೀಸಲಾಗಲಿ, ಅಲ್ಲಿ ಕನ್ನಡದಲ್ಲಿ ಮಾತಾಡಲು ಅನುಮತಿ ಇರಲಿ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಳಸಿದ ಉಪನ್ಯಾಸಕರ ಮೇಲೆ ತಪಾಸಣೆಗೆ ಬಂದವರು ಟಿಪ್ಪಣಿ ಬರೆಯುವ ಪದ್ಧತಿ ಕೆಲವು ಕಡೆ ಇದೆ. ಅದು ಮೊದಲು ನಿಲ್ಲಬೇಕು.